ಹೆಪ್ಪುಗಟ್ಟಿದ ಕೆರೆ ಮೇಲೆ ಮೊದಲ ಸಲ ಮೀನು ಹಿಡಿಯಲು ಹೊರಟಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಹೊಸಗಾಳ:
ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ದಡದಲ್ಲಿ ಕೂತು ಗಾಳ ಹಾಕಿ ಅಭ್ಯಾಸ ಇದೆ. ಆದರೆ ಚಳಿಗಾಲದಲ್ಲಿ ಕೆರೆ ಮೇಲೆ ನಡೆದುಹೋಗಿ, ಐಸ್ ಕೊರೆದು ಮೀನು ಹಿಡಿಯುವುದು ನನಗೆ ಪೂರ್ತಿ ಹೊಸದು. ಈ ವರ್ಷ ಶುರು ಮಾಡಲೇಬೇಕು ಅಂತ ಮನಸ್ಸು ಮಾಡಿದ್ದೇನೆ.

ವಿಡಿಯೋ ನೋಡಿದರೆ ಎಲ್ಲರ ಹತ್ತಿರವೂ ಟೆಂಟು, ಹೀಟರು, ಬ್ಯಾಟರಿಯಿಂದ ಓಡುವ ಬೈರಿಗೆ, ಮೀನು ತೋರಿಸುವ ಪರದೆ ಇರುತ್ತದೆ. ಇವೆಲ್ಲ ಇಲ್ಲದೆ ಆಗುವುದೇ ಇಲ್ಲವಾ? ಯಾವುದು ನಿಜವಾಗಿ ಬೇಕು, ಯಾವುದನ್ನು ಆಮೇಲೆ ತಗೊಂಡರೂ ನಡೆಯುತ್ತದೆ? ಮತ್ತೆ ಮುಖ್ಯವಾಗಿ, ಐಸ್ ನನ್ನ ಭಾರ ತಡೆಯುತ್ತದೆ ಅಂತ ಗೊತ್ತಾಗುವುದು ಹೇಗೆ? ಮನೆಯವರು ದಿನಾ ಕೇಳುತ್ತಿರುವುದೂ ಇದನ್ನೇ.

ಬಿಳಿಕೆರೆ:
ಕೊನೆಯ ಪ್ರಶ್ನೆಯನ್ನು ಮೊದಲು ತಗೊಳ್ಳೋಣ. ಅದೊಂದು ಗೊತ್ತಿಲ್ಲದೆ ಮಿಕ್ಕಿದ್ದೆಲ್ಲ ತಿಳಿದು ಏನೂ ಪ್ರಯೋಜನ ಇಲ್ಲ.

ನಡೆದು ಹೋಗಬೇಕಾದರೆ ಹೊಸದಾಗಿ ಕಟ್ಟಿದ, ಗಾಜಿನ ಹಾಗೆ ಪಾರದರ್ಶಕವಾದ ಐಸ್ ಕನಿಷ್ಠ 4 ಇಂಚು ದಪ್ಪ ಇರಬೇಕು. ಅಂದರೆ ಸುಮಾರು 10 ಸೆಂ.ಮೀ. ಅದಕ್ಕಿಂತ ಕಡಿಮೆ ಇದ್ದರೆ ಕಾಲೇ ಇಡಬೇಡಿ. ಅಮೆರಿಕದ ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಲೆಕ್ಕ ಇದು. ಅವರದೇ ಪಟ್ಟಿಯಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಟ್ರಕ್ಕಿಗೆ 13 ಇಂಚು ಅಂತ ಇದೆ.

ಬಣ್ಣವನ್ನೂ ನೋಡಿ. ಕಪ್ಪಗೆ ಅಥವಾ ತುಸು ನೀಲಿಯಾಗಿ ಕಂಡರೆ ಅದು ಗಟ್ಟಿ ಐಸ್. ಹಾಲುಬಿಳುಪು ಇದ್ದರೆ, ಮೇಲೆ ಬಿದ್ದ ಹಿಮ ನೀರು ಕುಡಿದು ಮತ್ತೆ ಹೆಪ್ಪುಗಟ್ಟಿದ್ದು ಅಂತ ಅರ್ಥ. ಅದರೊಳಗೆ ಗಾಳಿಗುಳ್ಳೆ ಇರುತ್ತವೆ, ಶಕ್ತಿ ಅರ್ಧದಷ್ಟೇ. ಹಾಗಾಗಿ ಬಿಳಿ ಐಸಿಗೆ ಮೇಲಿನ ಅಂಕಿಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಿ. ಬೂದು ಬಣ್ಣ ಇದ್ದರೆ ದಪ್ಪ ಎಷ್ಟಿದ್ದರೂ ಬೇಡ.

ಉತ್ತರಗಾಳಿ:
4 ಇಂಚು ಸಾಕು, ಸುಮ್ನೆ ಹೆದರಬೇಡಿ ಹೊಸಗಾಳ ಅವರೇ. ಹೋಗಿ ಬನ್ನಿ. ಒಳ್ಳೆಯ ಐಸ್ ಸಿಗುವುದೇ ಸೀಸನ್ನಿನ ಶುರುವಿನಲ್ಲಿ. ಮೀನು ಕಚ್ಚುವುದೂ ಆಗಲೇ ಜಾಸ್ತಿ.

ನೀರಂಚು:
ಬಿಳಿಕೆರೆ ಅವರು ಹೇಳಿದ್ದು ಸರಿ. ಆದರೆ ಉತ್ತರಗಾಳಿ ಅವರ "4 ಇಂಚು ಸಾಕು" ಅನ್ನುವ ಮಾತನ್ನು ಹೊಸಬರು ತಪ್ಪು ತಿಳಿಯುತ್ತಾರೆ. ಆ 4 ಇಂಚು ನೀವು ಅಳತೆ ಮಾಡಿದ ತೂತಿನ ಜಾಗಕ್ಕೆ ಮಾತ್ರ. ಹತ್ತು ಹೆಜ್ಜೆ ಮುಂದೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಒಂದೇ ಕೆರೆಯಲ್ಲಿ ದಪ್ಪ ಎಷ್ಟು ಬೇಕಾದರೂ ಬದಲಾಗುತ್ತದೆ. ಹಳ್ಳ ಬಂದು ಸೇರುವ ಕಡೆ, ನೀರು ಹೊರಗೆ ಹರಿಯುವ ಕಡೆ, ತಳದಲ್ಲಿ ಒರತೆ ಇರುವ ಕಡೆ, ಎರಡು ಭಾಗ ಸೇರುವ ಇಕ್ಕಟ್ಟಿನ ಜಾಗ, ಸೇತುವೆ ಕೆಳಗೆ, ಜೊಂಡು ಮತ್ತು ಮರದ ಕೊಂಬೆ ಮೇಲೆ ಚಾಚಿದ ಕಡೆ, ಇಲ್ಲೆಲ್ಲ ಐಸ್ ತೆಳ್ಳಗೆ. ದೋಣಿಕಟ್ಟೆಗಳ ಹತ್ತಿರ ಕೆಲವರು ನೀರಿಗೆ ಗಾಳಿ ಬಿಡುವ ಯಂತ್ರ ಇಟ್ಟಿರುತ್ತಾರೆ. ಅಲ್ಲಿ ಐಸೇ ಇರುವುದಿಲ್ಲ. ನಮ್ಮ ಗುಂಪಿನವರು ಒಂದು ಕೆರೆಯಲ್ಲಿ ದಡದ ಹತ್ತಿರ 8 ಇಂಚು ಅಳೆದು ಖುಷಿಯಿಂದ ಹೊರಟರು. ಹಳ್ಳದ ಬಾಯಿ ಕಡೆ ಹೋಗುತ್ತಾ ಹೋಗುತ್ತಾ ಅದೇ ಐಸ್ 2 ಇಂಚಿಗೆ ಇಳಿದಿತ್ತು. ಮುಂದೆ ಹೋಗುತ್ತಿದ್ದವರ ಕೈಯಲ್ಲಿ ಹಾರೆ ಇತ್ತು, ಹಾಗಾಗಿ ಗೊತ್ತಾಯಿತು.

ಆ ಹಾರೆಯನ್ನೇ ಮೊದಲು ತಗೊಳ್ಳಿ. ತುದಿ ಉಳಿಯ ಹಾಗೆ ಚಪ್ಪಟೆಯಾಗಿ ಚೂಪಾಗಿರುತ್ತದೆ, ಮೇಲೆ ಕೈಗೆ ಹಾಕಿಕೊಳ್ಳಲು ಹಗ್ಗ ಇರುತ್ತದೆ. ಹೆಜ್ಜೆ ಇಡುವ ಮೊದಲು ಮುಂದಿನ ಜಾಗಕ್ಕೆ ಜೋರಾಗಿ ಕುಟ್ಟಿ. ಒಂದೆರಡು ಏಟಿಗೇ ತೂತಾದರೆ ಬಂದ ಹೆಜ್ಜೆ ಗುರುತಿನಲ್ಲೇ ವಾಪಸ್. ಜೊತೆಗೆ ಸುಮಾರು 150 ಅಡಿಗೊಮ್ಮೆ ಕೊರೆದು ದಪ್ಪ ಅಳೆಯಿರಿ.

ಹೊಸಗಾಳ:
ಬಹಳ ಉಪಯೋಗ ಆಯಿತು. ಇನ್ನೊಂದು ಅನುಮಾನ. ನಾನು ಹೋಗಬೇಕು ಅಂದುಕೊಂಡ ಕೆರೆ ಮೇಲೆ ಈಗಾಗಲೇ ಜನ ಓಡಾಡಿದ ಗುರುತು ಇದೆ. ಅದೇ ದಾರಿಯಲ್ಲಿ ಹೋದರೆ ಸಾಕಲ್ವಾ?

ನೀರಂಚು:
ಸಾಕಾಗುವುದಿಲ್ಲ. ಆ ಹೆಜ್ಜೆ ಯಾವತ್ತಿನದು ಗೊತ್ತಿಲ್ಲ. ನಿನ್ನೆ ರಾತ್ರಿ ಗಾಳಿ ಹೇಗಿತ್ತು, ಎರಡು ದಿನ ಬಿಸಿಲು ಬಿದ್ದಿತ್ತಾ ಅಂತ ಆ ಗುರುತು ಹೇಳುವುದಿಲ್ಲ.

ಮುಂಜಾವು:
ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕ, ಕೆನಡಾ ಗಡಿಯ ಇರೀ ಸರೋವರ. 2009ರ ಫೆಬ್ರವರಿಯಲ್ಲಿ ಒಹಾಯೋ ದಂಡೆ ಕಡೆ ದೊಡ್ಡ ಐಸ್ ಹಾಳೆಯೇ ಬೇರ್ಪಟ್ಟು ತೇಲಿಹೋಯಿತು. ನೂರಕ್ಕೂ ಹೆಚ್ಚು ಮೀನು ಹಿಡಿಯುವವರನ್ನು ಹೆಲಿಕಾಪ್ಟರ್ ಮತ್ತು ದೋಣಿ ಬಳಸಿ ಕರೆತರಬೇಕಾಯಿತು. ಒಬ್ಬರು ತೀರಿಕೊಂಡರು. 2023ರ ಡಿಸೆಂಬರ್ ಕೊನೆಯಲ್ಲಿ ಮಿನ್ನೆಸೋಟದ ಅಪ್ಪರ್ ರೆಡ್ ಲೇಕಿನಲ್ಲೂ ಹಾಗೇ ಆಗಿ ನೂರಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿ ಇದ್ದವರೆಲ್ಲ "ಇಷ್ಟು ಜನ ಇದ್ದಾರಲ್ಲ, ಪರವಾಗಿಲ್ಲ" ಅಂದುಕೊಂಡೇ ಹೋಗಿರುತ್ತಾರೆ. ದೊಡ್ಡ ಸರೋವರದಲ್ಲಿ ದಪ್ಪದ ಜೊತೆಗೆ ಗಾಳಿಯ ದಿಕ್ಕೂ ಮುಖ್ಯ. ದಡದಿಂದ ಒಳಕ್ಕೆ ಬೀಸುವ ಜೋರು ಗಾಳಿ ಇದ್ದರೆ, ಬಿರುಕು ಕಂಡರೆ, ಅವತ್ತು ಬೇಡ.

ಹೊಸಬರಿಗೆ ನನ್ನ ಸಲಹೆ ಸಣ್ಣ ಕೆರೆ. ಒಳಕ್ಕೆ ಹರಿಯುವ ನೀರು ಕಡಿಮೆ ಇರುವ, ಆಳ ಕಡಿಮೆ ಇರುವ ಕೆರೆಗಳು ಮೊದಲು ಹೆಪ್ಪುಗಟ್ಟುತ್ತವೆ, ಒಂದೇ ಸಮನಾಗಿಯೂ ಇರುತ್ತವೆ.

ಉತ್ತರಗಾಳಿ:
ನೀರಂಚು ಅವರ ಮಾತು ಒಪ್ಪುತ್ತೇನೆ. ನಾನು ಅಂದದ್ದು ಅಳೆದ ಮೇಲೆ ಹೆದರಬೇಡಿ ಅಂತ.

ಉಣ್ಣೆಟೋಪಿ:
ಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಹೇಳದೆ ಕಳಿಸುವುದು ತಪ್ಪು.

ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಜನಕ್ಕೆ ಹೇಳಿಕೊಡುವುದು 1-10-1 ಅನ್ನುವ ಸೂತ್ರ. ಬಿದ್ದ ತಕ್ಷಣ ಏದುಸಿರು ಬರುತ್ತದೆ. ಮೊದಲ 1 ನಿಮಿಷ ಉಸಿರನ್ನು ಹತೋಟಿಗೆ ತಗೊಳ್ಳಿ, ಒದ್ದಾಡಬೇಡಿ. ಆಮೇಲೆ ಸುಮಾರು 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ, ಆಗ ಮೇಲೆ ಬನ್ನಿ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇದೆ. ಬಿದ್ದ ಕೂಡಲೇ ಚಳಿಗೆ ಸತ್ತುಹೋಗುತ್ತೇವೆ ಅಂತ ಜನ ಅಂದುಕೊಂಡಿರುತ್ತಾರೆ. ಗಾಬರಿಯಲ್ಲಿ ನೀರು ಕುಡಿದು ಮುಳುಗುವುದೇ ನಿಜವಾದ ಅಪಾಯ. ಅದಕ್ಕೇ ತೇಲಿಸುವ ಜಾಕೆಟ್ ಬೇಕೇ ಬೇಕು. ಮಾಮೂಲಿ ಲೈಫ್ ಜಾಕೆಟ್ ಕೋಟಿನ ಮೇಲೆ ಹಾಕಿಕೊಂಡರೂ ಆಯಿತು. ತೇಲುವ ಸೂಟು ಇದ್ದರೆ ಇನ್ನೂ ಒಳ್ಳೆಯದು.

ಮೇಲೆ ಬರುವ ರೀತಿ: ನೀವು ಬಂದ ದಿಕ್ಕಿಗೆ ತಿರುಗಿ. ಅಲ್ಲಿಯವರೆಗೆ ನಿಮ್ಮನ್ನು ಹೊತ್ತ ಐಸ್ ಅದೇ. ಕತ್ತಿಗೆ ಹಾಕಿಕೊಂಡ ಐಸ್ ಪಿಕ್ಕುಗಳನ್ನು ಎರಡೂ ಕೈಯಲ್ಲಿ ಹಿಡಿದು ಐಸಿಗೆ ಚುಚ್ಚಿ. ಕಾಲು ಹಿಂದಕ್ಕೆ ಚಾಚಿ ಈಜುವ ಹಾಗೆ ಜೋರಾಗಿ ಒದೆಯಿರಿ. ಹೊಟ್ಟೆ ಮೇಲೆ ಜಾರಿ ಹೊರಗೆ ಬನ್ನಿ. ಎದ್ದು ನಿಲ್ಲಬೇಡಿ. ಉರುಳಿಕೊಂಡು ದೂರ ಹೋಗಿ.

ಐಸ್ ಪಿಕ್ ಅಂದರೆ ಎರಡು ಹಿಡಿ, ತುದಿಯಲ್ಲಿ ಮೊಳೆ, ನಡುವೆ ದಾರ. ಬ್ಯಾಗಿನಲ್ಲಿ ಇಟ್ಟರೆ ಕೆಲಸಕ್ಕೆ ಬರುವುದಿಲ್ಲ, ಕತ್ತಿನಲ್ಲೇ ಇರಬೇಕು.

ಪರ್ಚ್‌ಪ್ರಿಯ:
ಬೇರೆಯವರು ಬಿದ್ದರೆ ಓಡಿ ಹತ್ತಿರ ಹೋಗಬೇಡಿ. ದೂರದಿಂದ ಹಗ್ಗ ಎಸೆಯಿರಿ. ಹಗ್ಗ ನಿಮ್ಮ ಕೈಗೆಟುಕುವ ಕಡೆ ಇರಲಿ, ಸಾಮಾನು ಎಳೆದೊಯ್ಯುವ ಜಾರುಬಂಡಿಯ ತಳದಲ್ಲಿ ಹೂತಿರಬಾರದು.

ಹೊಸಗಾಳ:
ಉಣ್ಣೆಟೋಪಿ ಅವರೇ, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಧನ್ಯವಾದ. ಈಗ ಸಾಮಾನಿನ ವಿಷಯಕ್ಕೆ ಬರೋಣವಾ?

ಕೊರೆಯುವವ:
ಬನ್ನಿ ಬನ್ನಿ, ಇದಕ್ಕೇ ಕಾಯುತ್ತಿದ್ದೆ.

6 ಇಂಚಿನ ಕೈ ಬೈರಿಗೆ ಒಂದು. ಕೊರೆದ ಮೇಲೆ ತೂತಿನಲ್ಲಿ ತೇಲುವ ಐಸ್ ಪುಡಿ ತೆಗೆಯಲು ತೂತಿನ ಸೌಟು ಒಂದು. 24ರಿಂದ 28 ಇಂಚಿನ ಗಿಡ್ಡ ರಾಡು, ಸಣ್ಣ ರೀಲು. 4 ಪೌಂಡಿನ ಎಳೆತ ತಡೆಯುವ ದಾರ. ಒಂದಷ್ಟು ಸಣ್ಣ ಜಿಗ್, ಅಂದರೆ ತಲೆಯಲ್ಲಿ ತೂಕ ಇರುವ ಗಾಳ. ಕೂರಲು ಬಕೆಟ್. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ. ಗಾಳ ಬಿಡಿಸಲು ಇಕ್ಕಳ. ಮೊದಲ ವರ್ಷಕ್ಕೆ ಇಷ್ಟೇ. ಟೆಂಟು, ಹೀಟರು, ಪರದೆ ಯಾವುದೂ ಬೇಡ.

ಬೇಸಿಗೆಯ ಉದ್ದ ರಾಡು ತರಬೇಡಿ. ತೂತಿನಿಂದ ಅಷ್ಟು ದೂರ ಕೂತರೆ ಕೆಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಮೀನನ್ನು ತೂತಿನೊಳಗಿಂದ ಎತ್ತುವುದೂ ಕಷ್ಟ.

ಬೈರಿಗೆಯ ಅಲಗನ್ನು ಜೋಪಾನ ಮಾಡಿ. ಐಸ್ ಅಂಟಿದೆ ಅಂತ ಅದನ್ನು ನೆಲಕ್ಕೆ ಕುಟ್ಟುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅಂಚು ಸ್ವಲ್ಪ ಮೊಂಡಾದರೂ ಬೈರಿಗೆ ಸುಮ್ನೆ ತಿರುಗುತ್ತದೆ, ಕೆಳಗೆ ಇಳಿಯುವುದಿಲ್ಲ. ಕೊರೆದಾದ ಕೂಡಲೇ ಒರೆಸಿ, ಮುಚ್ಚಳ ಹಾಕಿ.

ಉತ್ತರಗಾಳಿ:
ಕೈ ಬೈರಿಗೆ ಬಗ್ಗೆ ಒಪ್ಪಲ್ಲ. ಐಸ್ 6 ಇಂಚು ಇರುವಾಗ ಸರಿ. 20 ಇಂಚು ಆದಾಗ ಮೂರನೇ ತೂತಿಗೇ ಭುಜ ಬಿದ್ದುಹೋಗುತ್ತದೆ. ಆಮೇಲೆ ಮೀನು ಸಿಗದಿದ್ದರೂ ಅಲ್ಲೇ ಕೂತಿರುತ್ತೀರಿ. ಜಾಗ ಬದಲಿಸಿದವರಿಗೇ ಮೀನು ಸಿಗುವುದು. ಸಾಮಾನ್ಯ ಬ್ಯಾಟರಿ ಡ್ರಿಲ್ ಮನೆಯಲ್ಲಿದ್ದರೆ ಅದಕ್ಕೆ ಸೇರಿಸುವ ಹಗುರ ಬೈರಿಗೆ ಸಿಗುತ್ತದೆ.

ಕೊರೆಯುವವ:
ಡ್ರಿಲ್ಲಿಗೆ ಸೇರಿಸುವುದಾದರೆ ಡ್ರಿಲ್ಲಿಗೆ ಅಡ್ಡಹಿಡಿ ಇರಲೇಬೇಕು. ಬೈರಿಗೆ ಐಸಿನಲ್ಲಿ ಕಚ್ಚಿಕೊಂಡಾಗ ಡ್ರಿಲ್ಲೇ ತಿರುಗಿ ಮಣಿಕಟ್ಟು ತಿರುಚುತ್ತದೆ. ಬೈರಿಗೆ ಕಳಚಿಕೊಂಡು ತೂತಿನೊಳಗೆ ಹೋಗದ ಹಾಗೆ ಮೇಲೆ ಅಗಲದ ತಟ್ಟೆಯನ್ನೂ ಹಾಕಿಕೊಳ್ಳಿ. ಹೊಸಬರು ಹೋಗುವುದು 5-6 ಇಂಚಿನ ಐಸಿನ ಮೇಲೆ ಅಂದರೆ ನಾನು ಈಗಲೂ ಕೈಯದನ್ನೇ ಹೇಳುತ್ತೇನೆ.

ಹಳೇಗಾಳ:
ಇಬ್ಬರೂ ಸರಿ. ಫಿನ್ಲೆಂಡಿನಲ್ಲಿ ಈ ಮೀನುಗಾರಿಕೆಗೆ ಪಿಲ್ಕಿ ಅನ್ನುತ್ತಾರೆ. ಅಲ್ಲಿ ಅಜ್ಜಿ ತಾತಂದಿರೂ ಕೈ ಬೈರಿಗೆ ಹಿಡಿದು ಹೋಗುತ್ತಾರೆ. ಅಂಗೈಯಲ್ಲಿ ಹಿಡಿಯುವ ಪುಟಾಣಿ ರಾಡು, ಸ್ಟೂಲೂ ಆಗುವ ಬೆನ್ನಚೀಲ, ಅಷ್ಟೇ. ಒಂದು ರಾಡಿನಲ್ಲಿ ಹೀಗೆ ಮೀನು ಹಿಡಿಯಲು ಹೆಚ್ಚಿನ ನೀರುಗಳಲ್ಲಿ ಶುಲ್ಕವೂ ಇಲ್ಲ. ಸಾರ್ವಜನಿಕರ ಹಕ್ಕು ಅದು. ಸಾಮಾನು ಕಡಿಮೆ ಇದ್ದಷ್ಟೂ ನಡೆಯುವುದು ಸುಲಭ, ತೂತು ಬದಲಿಸುವುದು ಸುಲಭ.

ಮುಂಜಾವು:
ಬೇರೆ ಕಡೆ ಶುಲ್ಕ ಇಲ್ಲ ಅಂದುಕೊಂಡು ಹೋಗಬೇಡಿ ಮತ್ತೆ. ಪ್ರತಿ ಕಡೆ ನಿಯಮ ಬೇರೆ. ಮಿನ್ನೆಸೋಟದಲ್ಲಿ ಐಸ್ ಮೇಲೆ ಒಬ್ಬರಿಗೆ 2 ದಾರ, ಪಕ್ಕದ ವಿಸ್ಕಾನ್ಸಿನ್‌ನಲ್ಲಿ 3. ಪರವಾನಗಿ, ಯಾವ ಮೀನಿಗೆ ಯಾವಾಗ ಸೀಸನ್, ಎಷ್ಟು ಇಟ್ಟುಕೊಳ್ಳಬಹುದು, ಎಷ್ಟು ಉದ್ದ ಇರಬೇಕು, ಎಲ್ಲ ಆ ಜಾಗದ ಇಲಾಖೆಯ ಪುಸ್ತಕದಲ್ಲಿ ಇರುತ್ತದೆ. ಹೊರಡುವ ಮೊದಲು ಅದನ್ನು ಓದಿ.

ಹೊಸಗಾಳ:
ಮೀನು ತೋರಿಸುವ ಪರದೆ ಬೇಡ ಅಂದಿರಿ. ಅದಿಲ್ಲದೆ ಮೀನು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಸುಮ್ನೆ ಎಲ್ಲೋ ಒಂದು ಕಡೆ ಕೊರೆಯುವುದಾ?

ಪರ್ಚ್‌ಪ್ರಿಯ:
ಇದು ನನ್ನ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಹಗುರವಾಗಿ ಮೇಲೆ ಬರುತ್ತದೆ. ಹಾಗಾಗಿ ಐಸಿನ ಕೆಳಗೆ ತಗುಲಿಕೊಂಡ ನೀರು 0 ಡಿಗ್ರಿ ಹತ್ತಿರ, ತಳದ ನೀರು 4ರ ಹತ್ತಿರ. ಬೇಸಿಗೆಗೆ ತದ್ವಿರುದ್ಧ. ಆದ್ದರಿಂದ ಚಳಿಗಾಲದಲ್ಲಿ ಬಹಳಷ್ಟು ಮೀನು ತಳದ ಹತ್ತಿರ ಇರುತ್ತವೆ. ಮೈ ತಣ್ಣಗಿರುವುದರಿಂದ ನಿಧಾನವಾಗಿರುತ್ತವೆ, ಕಡಿಮೆ ತಿನ್ನುತ್ತವೆ. ಬೇಸಿಗೆಯ ದೊಡ್ಡ ಗಾಳ, ದಪ್ಪ ದಾರ ಇಲ್ಲಿ ನಡೆಯದಿರಲು ಇದೇ ಕಾರಣ.

ಸೀಸನ್ನಿನ ಶುರುವಿನಲ್ಲಿ ಇನ್ನೂ ಹಸಿರಾಗಿರುವ ನೀರುಗಿಡಗಳ ಸುತ್ತ ಹುಡುಕಿ. ಅಲ್ಲಿ ಆಮ್ಲಜನಕ ಇದೆ, ಸಣ್ಣ ಹುಳ ಇವೆ. ಹಿಮ ದಪ್ಪಗೆ ಮುಚ್ಚಿದ ಮೇಲೆ ಬೆಳಕು ಹೋಗುವುದಿಲ್ಲ, ಗಿಡ ಕೊಳೆಯುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಮೀನು ಆಳದ ಕಡೆಗೆ ಸರಿಯುತ್ತವೆ. ಕೊನೆಗೆ ಐಸ್ ಕರಗುವ ಮುಂಚೆ ಹಳ್ಳದ ಬಾಯಿ ಕಡೆ ಮತ್ತೆ ಬರುತ್ತವೆ. ಆದರೆ ಆ ಹೊತ್ತಿಗೆ ಐಸ್ ಉದ್ದುದ್ದ ಕಡ್ಡಿಗಳಾಗಿ ಬಿಡಿಬಿಡಿ ಆಗಿರುತ್ತದೆ. ಒಂದು ಅಡಿ ದಪ್ಪ ಇದ್ದರೂ ನಂಬುವ ಹಾಗಿಲ್ಲ. ಹೊಸಬರು ಕೊನೆಯ ಐಸಿಗೆ ಹೋಗಲೇಬೇಡಿ.

ಆಳ ತಿಳಿಯಲು ಗಾಳಕ್ಕೆ ಕಚ್ಚಿಸುವ ಸಣ್ಣ ಸೀಸದ ತೂಕ ಸಿಗುತ್ತದೆ. ತಳ ಮುಟ್ಟುವವರೆಗೆ ಬಿಡಿ, ಒಂದು ಅಡಿ ಮೇಲೆತ್ತಿ ಗುರುತು ಮಾಡಿಕೊಳ್ಳಿ. ಕೆರೆಯ ಆಳದ ನಕ್ಷೆ ಸಿಕ್ಕರೆ, ಇಳಿಜಾರು ಮುಗಿದು ತಳ ಸಮತಟ್ಟಾಗುವ ಜಾಗ ನೋಡಿ. ಇಳಿಜಾರಿನ ಉದ್ದಕ್ಕೂ ಬೇರೆ ಬೇರೆ ಆಳದಲ್ಲಿ ಮೊದಲೇ ಐದಾರು ತೂತು ಕೊರೆದುಬಿಡಿ. ಕೊರೆಯುವ ಸದ್ದೆಲ್ಲ ಒಂದೇ ಸಲ ಮುಗಿಯಲಿ. ಒಂದೊಂದರಲ್ಲೂ ಹದಿನೈದು ಇಪ್ಪತ್ತು ನಿಮಿಷ ನೋಡಿ, ಮುಂದಕ್ಕೆ ಹೋಗಿ. ಪರ್ಚ್ ಗುಂಪಾಗಿ ಓಡಾಡುವ ಮೀನು. ಒಂದು ಸಿಕ್ಕರೆ ಬೇಗ ಗಾಳ ಮತ್ತೆ ಇಳಿಸಿ, ಇನ್ನೂ ಅಲ್ಲೇ ಇರುತ್ತವೆ.

ಉತ್ತರಗಾಳಿ:
ಎಲ್ಲಾ ಸರಿ. ಆದರೂ ಫ್ಲ್ಯಾಷರ್, ಅಂದರೆ ಆ ಮೀನು ತೋರಿಸುವ ಪರದೆ, ಇದ್ದರೆ ಕಲಿಯುವುದು ಎಷ್ಟು ಬೇಗ ಗೊತ್ತಾ? ತಳ ಒಂದು ಗೆರೆ, ನಿಮ್ಮ ಜಿಗ್ ಒಂದು ಗೆರೆ, ಮೀನು ಬಂದರೆ ಇನ್ನೊಂದು ಗೆರೆ. ಜಿಗ್ ಕುಣಿಸಿದಾಗ ಮೀನು ಹತ್ತಿರ ಬಂತಾ, ಹೆದರಿ ಹೋಯಿತಾ, ಕಣ್ಣೆದುರೇ ಕಾಣುತ್ತದೆ. ವೆಕ್ಸಿಲಾರ್ ಥರದ ಯಂತ್ರ ಇಲ್ಲದೆ ಕೂರುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಹಳೇಗಾಳ:
ಪರದೆ ನೋಡುತ್ತಾ ಕೂತವರು ದಾರದ ಕಡೆ ನೋಡುವುದಿಲ್ಲ. ಬ್ಲೂಗಿಲ್ ಬಾಯಿ ಪುಟ್ಟದು. ಅದು ಎರೆಯನ್ನು ನೀರಿನ ಜೊತೆ ಒಳಗೆ ಎಳೆದುಕೊಂಡು ಅಷ್ಟೇ ಬೇಗ ಉಗುಳುತ್ತದೆ. ರಾಡಿನ ತುದಿಗೆ ಸಿಕ್ಕಿಸುವ ತೆಳು ಸ್ಪ್ರಿಂಗ್ ಅಲ್ಲಾಡುವುದು ನೋಡಿ ಎಳೆಯಬೇಕು. ಆ ಕೈಗುಣ ಮೊದಲು ಬರಲಿ.

ಉತ್ತರಗಾಳಿ:
ಎರಡೂ ಒಟ್ಟಿಗೆ ನೋಡಬಹುದು ಹಳೇಗಾಳ ಅವರೇ.

ಪರ್ಚ್‌ಪ್ರಿಯ:
ಹಳೇಗಾಳ ಅವರ ಕಡೆ ನನ್ನ ವೋಟು. ಮೊದಲ ವರ್ಷ ಬೇಡ. ಎರಡನೇ ವರ್ಷವೂ ಆಸೆ ಹಾಗೇ ಇದ್ದರೆ ಫ್ಲ್ಯಾಷರ್ ತಗೊಳ್ಳಲಿ.

ಸಂಜೆಬೆಳಕು:
ನಾನು ಇಲ್ಲಿ ಬರೆಯುವುದು ಅಪರೂಪ. ಯಾವ ಮೀನು, ಯಾವ ಹೊತ್ತು ಅಂತ ಯಾರೂ ಹೇಳಿಲ್ಲವಲ್ಲ. ಉತ್ತರ ಅಮೆರಿಕದ ಕೆರೆಯಾದರೆ ಪರ್ಚ್ ಮತ್ತು ಬ್ಲೂಗಿಲ್‌ನಿಂದ ಶುರು ಮಾಡಿ. ಹಗಲಲ್ಲೇ ಕಚ್ಚುತ್ತವೆ, ಸಂಖ್ಯೆಯೂ ಜಾಸ್ತಿ. ಸಣ್ಣ ಟಂಗ್‌ಸ್ಟನ್ ಜಿಗ್ಗಿಗೆ ಒಂದು ಮೇಣದ ಹುಳ ಸಿಕ್ಕಿಸಿದರೆ ಆಯಿತು. ಟಂಗ್‌ಸ್ಟನ್ ಸೀಸಕ್ಕಿಂತ ಸಾಂದ್ರ. ಗಾತ್ರ ಚಿಕ್ಕದಿದ್ದರೂ ಬೇಗ ಇಳಿಯುತ್ತದೆ.

ವಾಲಾಯ್ ಬೇಕಾದರೆ ಸೂರ್ಯ ಮುಳುಗುವ ಹೊತ್ತಿಗೆ ಕೂತಿರಿ. ಅದರ ಕಣ್ಣಿನ ಹಿಂದೆ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಪದರ ಇದೆ. ಮಸಕು ಬೆಳಕಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅದರ ಬೇಟೆಗೆ ಕಾಣುವುದಿಲ್ಲ. ಪೈಕ್ ಬೇಕಾದರೆ ಟಿಪ್-ಅಪ್ ಇಡಿ. ತೂತಿನ ಮೇಲೆ ಅಡ್ಡ ಇಡುವ ಸಾಧನ ಅದು. ಮೀನು ಎಳೆದಾಗ ಬಾವುಟ ಮೇಲೇಳುತ್ತದೆ. ಪೈಕ್ ಹಲ್ಲಿಗೆ ದಾರ ಉಳಿಯುವುದಿಲ್ಲ, ತುದಿಗೆ ಉಕ್ಕಿನ ತಂತಿ ಹಾಕಿ.

ಬಿಳಿಕೆರೆ:
ಸಂಜೆಬೆಳಕು ಅವರೇ, ಇನ್ನೂ ಆಗಾಗ ಬರೆಯಿರಿ.

ಹೊಸಗಾಳ:
ನನ್ನ ಮಗಳಿಗೆ ಒಂಬತ್ತು ವರ್ಷ. ಅವಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕರೆದುಕೊಂಡು ಹೋಗಬಹುದಾ? ಹಾಗಾದರೆ ಟೆಂಟು, ಹೀಟರು ಬೇಕಾಗುತ್ತದಾ?

ಉಣ್ಣೆಟೋಪಿ:
ಮೊದಲ ಸಲ ನೀವು ಅನುಭವ ಇರುವವರ ಜೊತೆ ಹೋಗಿ ಬನ್ನಿ. ಆಮೇಲೆ ಅವಳನ್ನು ಖಂಡಿತ ಕರೆದುಕೊಂಡು ಹೋಗಿ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ಅವಳಿಗೂ ಲೈಫ್ ಜಾಕೆಟ್, ಅವಳಿಗೂ ಪಿಕ್. ಎರಡು ಗಂಟೆ ಸಾಕು, ಬೇಜಾರಾಗುವ ಮೊದಲೇ ವಾಪಸ್ ಬನ್ನಿ. ಪೈಕು ವಾಲಾಯು ಬಿಟ್ಟು ಪರ್ಚ್ ಇರುವ ಕಡೆ ಕೂರಿಸಿ.

ಬಟ್ಟೆ ವಿಷಯ: ಒಳಗೆ ಹತ್ತಿ ಬಟ್ಟೆ ಬೇಡ. ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಮೈ ತಣ್ಣಗಾಗುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಅದರ ಮೇಲೆ ಬೆಚ್ಚಗಿನ ಪದರ, ಹೊರಗೆ ಗಾಳಿ ತಡೆಯುವುದು. ನಡೆಯುವಾಗ ಒಂದು ಪದರ ತೆಗೆದು ನಡೆಯಿರಿ, ಕೂತಾಗ ಹಾಕಿಕೊಳ್ಳಿ. ಬೂಟು ಸ್ವಲ್ಪ ದೊಡ್ಡದಿರಲಿ. ಎರಡು ಸಾಕ್ಸ್ ತುರುಕಿ ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಕಾಲ ಕೆಳಗೆ ಫೋಮ್ ಹಾಳೆ ಹಾಕಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಬೆಚ್ಚಗಾಗಲು ಮದ್ಯ ಕುಡಿಯುವುದು ಪೂರ್ತಿ ತಪ್ಪು. ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಹೊರಗೆ ಹೋಗುತ್ತದೆ, ಮೈ ಬೆಚ್ಚಗಾದ ಹಾಗೆ ಅನಿಸುತ್ತದೆ ಅಷ್ಟೇ.

ನೀರಂಚು:
ಹೀಟರ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮುಚ್ಚಿದ ಟೆಂಟಿನೊಳಗೆ ಗ್ಯಾಸ್ ಹೀಟರ್ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬರುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಬುದ್ಧಿಯೂ ಇರುವುದಿಲ್ಲ. ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದಿಡಿ. ಬ್ಯಾಟರಿಯ ಅಲಾರಂ ಇಡಿ. ಹೀಟರ್ ಉರಿಯುವಾಗ ಒಳಗೆ ಮಲಗಬೇಡಿ. ಮಗು ಜೊತೆ ಇದ್ದರೆ ನಾನಂತೂ ಗಾಳಿ ಇಲ್ಲದ ಬಿಸಿಲಿನ ದಿನ ಆರಿಸಿಕೊಂಡು ಹೀಟರ್ ಇಲ್ಲದೇ ಹೋಗುತ್ತೇನೆ.

ಕೊರೆಯುವವ:
ಮಕ್ಕಳಿದ್ದರೆ ಇನ್ನೊಂದು. 10 ಇಂಚಿನ ತೂತು ಕೊರೆಯಬೇಡಿ. ಪುಟ್ಟ ಕಾಲು ಪೂರ್ತಿ ಒಳಗೆ ಹೋಗುತ್ತದೆ. 6 ಇಂಚು ಸಾಕು. ಹೊರಡುವಾಗ ತೂತಿನ ಪಕ್ಕ ಒಂದು ಕೊಂಬೆ ನೆಟ್ಟು ಬನ್ನಿ. ರಾತ್ರಿ ಮೇಲೆ ತೆಳ್ಳಗೆ ಪದರ ಕಟ್ಟಿ ಹಿಮ ಬಿದ್ದರೆ ಮುಂದೆ ಬರುವವರಿಗೆ ಕಾಣುವುದಿಲ್ಲ.

ಮುಂಜಾವು:
ಮಗುವಿಗೆ ಮೊದಲೇ ಹೇಳಿಡಿ, ಐಸ್ ಸದ್ದು ಮಾಡುತ್ತದೆ ಅಂತ. ಕೆಲವೊಮ್ಮೆ ಗುಡುಗಿದ ಹಾಗೆ, ಕೆಲವೊಮ್ಮೆ ಉದ್ದಕ್ಕೆ ಸೀಳಿದ ಹಾಗೆ. ಚಳಿ ಏರಿಳಿದಾಗ ಐಸ್ ಹಿಗ್ಗಿ ಕುಗ್ಗುವುದರಿಂದ ಬರುವ ಸದ್ದು ಅದು. ದಪ್ಪ ಐಸಿನಲ್ಲೂ ಬರುತ್ತದೆ. ಎಷ್ಟೋ ದೊಡ್ಡವರೇ ಮೊದಲ ಸಲ ಕೇಳಿ ದಡಕ್ಕೆ ಓಡಿದ್ದನ್ನು ನೋಡಿದ್ದೇನೆ. ನನಗೆ ಆ ಸದ್ದು ಬಹಳ ಇಷ್ಟ.

ಬಿಳಿಕೆರೆ:
ಸದ್ದು ಇದೆ ಅಂತ ಅಪಾಯ ಅಲ್ಲ, ನಿಜ. ಹಾಗೇ ಸದ್ದು ಇಲ್ಲ ಅಂತ ಸುರಕ್ಷಿತವೂ ಅಲ್ಲ. ಕೊನೆಗೆ ಅಳತೆಯನ್ನೇ ನಂಬಿ.

ಉತ್ತರಗಾಳಿ:
ಕಾರು ತಗೊಂಡು ಹೋಗುವ ಬಗ್ಗೆ ಯಾರೂ ಮಾತಾಡಲಿಲ್ಲ. ಐಸ್ ದಪ್ಪ ಇದ್ದರೂ ನಿಧಾನ ಓಡಿಸಬೇಕು. ಗಾಡಿಯ ಭಾರಕ್ಕೆ ಐಸ್ ಬಗ್ಗಿ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಜೋರಾಗಿ ಹೋದರೆ ಆ ಅಲೆ ದಡದ ಹತ್ತಿರ ಐಸನ್ನು ಒಡೆಯಬಹುದು. ಸೀಟ್‌ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ ಓಡಿಸುತ್ತಾರೆ.

ನೀರಂಚು:
ಹೊಸಬರಿಗೆ ಕಾರಿನ ಮಾತೇ ಬೇಡ. ಜಾರುಬಂಡಿ ಎಳೆದುಕೊಂಡು ನಡೆಯಲಿ.

ಹೊಸಗಾಳ:
ಖಂಡಿತ ನಡೆದೇ ಹೋಗುತ್ತೇನೆ. ಹಿಡಿದ ಸಣ್ಣ ಮೀನು ವಾಪಸ್ ಬಿಡಬೇಕು ಅಂತ ಆಸೆ. ಆ ಚಳಿಯಲ್ಲಿ ಹೊರಗೆ ತೆಗೆದರೆ ಬದುಕುತ್ತವಾ?

ಪರ್ಚ್‌ಪ್ರಿಯ:
ಬದುಕುತ್ತವೆ, ಎರಡು ವಿಷಯ ನೋಡಿಕೊಂಡರೆ. ಒಂದು, ಹಿಮದ ಮೇಲೆ ಹಾಕಬೇಡಿ. ಕಡು ಚಳಿಗೆ ಕಣ್ಣು, ಕಿವಿರು ಬೇಗ ಹೆಪ್ಪುಗಟ್ಟುತ್ತವೆ. ಆದಷ್ಟು ತೂತಿನ ನೀರಿನಲ್ಲೇ ಇಟ್ಟು ಗಾಳ ಬಿಡಿಸಿ. ಕೈಗವಸು ತೆಗೆದು ಒದ್ದೆ ಕೈಯಲ್ಲಿ ಹಿಡಿಯಿರಿ.

ಎರಡು, ಆಳ. ಸುಮಾರು 30 ಅಡಿಗಿಂತ ಆಳದಿಂದ ಎಳೆದ ಪರ್ಚ್, ಕ್ರಾಪಿ, ವಾಲಾಯ್ ಇವುಗಳ ಒಳಗಿನ ಗಾಳಿಚೀಲ ಒತ್ತಡ ಕಡಿಮೆಯಾಗಿ ಊದಿಕೊಳ್ಳುತ್ತದೆ. ಹೊಟ್ಟೆ ಬಾಯಿಗೆ ಬಂದಿರುತ್ತದೆ. ನೀವು ಬಿಟ್ಟರೂ ಕೆಳಗೆ ಇಳಿಯಲಾರವು. ಹಾಗಾಗಿ ವಾಪಸ್ ಬಿಡುವ ಆಸೆ ಇದ್ದರೆ ಕಡಿಮೆ ಆಳದಲ್ಲೇ ಹಿಡಿಯಿರಿ. ಆಳದಲ್ಲಿ ಹಿಡಿದರೆ ಮಿತಿಯೊಳಗೆ ಇಟ್ಟುಕೊಂಡು ನಿಲ್ಲಿಸಿಬಿಡಿ. ಲೆಕ್ಕವಿಲ್ಲದೆ ಹಿಡಿದು ಬಿಡುತ್ತಾ ಹೋಗುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಆ ಮೀನು ಸಾಯುತ್ತವೆ, ನಿಮಗೆ ಕಾಣುವುದಿಲ್ಲ ಅಷ್ಟೇ.

ಸಂಜೆಬೆಳಕು:
ಇದು ನನಗೂ ಗೊತ್ತಿರಲಿಲ್ಲ. ಒಳ್ಳೆಯ ಮಾಹಿತಿ.

ಮುಂಜಾವು:
ಎರೆಗೆ ಜೀವಂತ ಸಣ್ಣ ಮೀನು ಬಳಸುವುದಾದರೆ ಒಂದು ಕೆರೆಯ ನೀರನ್ನು ಇನ್ನೊಂದು ಕೆರೆಗೆ ಒಯ್ಯಬೇಡಿ. ಜೀಬ್ರಾ ಮಸಲ್ ಥರದ ಹೊರಗಿನ ಜೀವಿಗಳು ಹರಡುವುದು ಹೀಗೆಯೇ. ಮಿನ್ನೆಸೋಟದಲ್ಲಿ ಕೆರೆ ನೀರನ್ನು ಅಲ್ಲೇ ಚೆಲ್ಲಿ, ನಲ್ಲಿ ಅಥವಾ ಬಾಟಲಿ ನೀರು ತುಂಬಿಕೊಂಡೇ ಎರೆಮೀನು ಮನೆಗೆ ಒಯ್ಯಬೇಕು ಅಂತ ಕಾನೂನೇ ಇದೆ. ಉಳಿದ ಎರೆಮೀನನ್ನು ತೂತಿಗೆ ಸುರಿಯುವುದೂ ತಪ್ಪು.

ಹೊಸಗಾಳ:
ಎಲ್ಲರಿಗೂ ತುಂಬಾ ಧನ್ಯವಾದ. ಹಾರೆ, ಪಿಕ್, ಲೈಫ್ ಜಾಕೆಟ್ ಮೊದಲು ತಗೊಳ್ಳುತ್ತೇನೆ. ಆಮೇಲೆ ಕೈ ಬೈರಿಗೆ, ಒಂದು ರಾಡು. ಇಲ್ಲಿನ ಒಂದು ಸಂಘದವರು ಹೊಸಬರನ್ನು ಕರೆದುಕೊಂಡು ಹೋಗುತ್ತಾರಂತೆ, ಅವರ ಜೊತೆ ಹೆಸರು ಬರೆಸಿದ್ದೇನೆ. ಹೊಸ ರೀಲಿನ ದಾರ ಸುರುಳಿ ಸುರುಳಿಯಾಗಿ ಬರುತ್ತಿದೆ. ಅದಕ್ಕೇನು ಮಾಡಲಿ?

ಹಳೇಗಾಳ:
ಚಳಿಗೆ ನೈಲಾನ್ ದಾರ ಗಟ್ಟಿಯಾಗಿ ರೀಲಿನ ಆಕಾರ ಹಿಡಿಯುತ್ತದೆ. ಜಿಗ್ ಕಟ್ಟಿದ ಮೇಲೆ ಒಂದೆರಡು ಗಜ ಎಳೆದು ಎರಡು ಬೆರಳ ನಡುವೆ ಬಿಗಿಯಾಗಿ ಸವರಿ, ನೆಟ್ಟಗಾಗುತ್ತದೆ. ಆಗದಿದ್ದರೆ ಐಸಿಗೆ ಅಂತಲೇ ಮಾಡಿದ ಮೆತ್ತನೆ ದಾರ ಹಾಕಿಕೊಳ್ಳಿ. ಸುರುಳಿ ಇದ್ದರೆ ಮೆಲ್ಲನೆ ಕಚ್ಚಿದ್ದು ಕೈಗೆ ಗೊತ್ತಾಗುವುದೇ ಇಲ್ಲ.

ಕೊರೆಯುವವ:
ರಾಡಿನ ಕೊಂಡಿಗಳಲ್ಲಿ ಐಸ್ ಕಟ್ಟುತ್ತದೆ. ಅದನ್ನು ಒಡೆಯಲು ಹೋಗಬೇಡಿ, ತುದಿ ಮುರಿಯುತ್ತದೆ. ನೀರಿನಲ್ಲಿ ಅದ್ದಿ ಹಿಡಿಯಿರಿ, ಬಿಡುತ್ತದೆ.

ಉತ್ತರಗಾಳಿ:
ಫೋನನ್ನು ಒಳಜೇಬಿನಲ್ಲಿ ಇಡಿ. ಚಳಿಗೆ ಬ್ಯಾಟರಿ ಬೇಗ ಬಿದ್ದುಹೋಗುತ್ತದೆ. ಮುಂದೆ ಬ್ಯಾಟರಿ ಬೈರಿಗೆ ತಗೊಂಡರೆ, ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬೇಡಿ, ಹಾಳಾಗುತ್ತದೆ. ಮನೆಯೊಳಗೆ ತಂದು, ಬೆಚ್ಚಗಾದ ಮೇಲೆ ಹಾಕಿ.

ನೀರಂಚು:
ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೊರಡಿ. ಕೆರೆಯ ಯಾವ ಕಡೆಯಿಂದ ಇಳಿಯುತ್ತೀರಿ ಅನ್ನುವುದನ್ನೂ ಬರೆಯಿರಿ.

ಹೊಸಗಾಳ:
ಬರೆದಿಡುತ್ತೇನೆ. ಸಂಘದವರು ಶನಿವಾರ ಐಸ್ ಅಳೆದು ಹೇಳುತ್ತಾರೆ. ದಪ್ಪ ಸಾಲದಿದ್ದರೆ ಮುಂದಿನ ವಾರಕ್ಕೆ ಹಾಕುತ್ತಾರಂತೆ.